ಕವಡೆ ಹಾಕು

ಬೇಸಿಗೆ ರಜೆಯಲ್ಲಿ ತುರುವೇಕೆರೆ ಸೀಮೆಯ ಅಕ್ಕನ ಊರಿಗೆ ಹೋಗಿದ್ದೆ. ಅಟ್ಟಕ್ಕೆ ತುಂಬಿ ವರ್ಷವಾಗುತ್ತ ಬಂದಿದ್ದ ಕಾಯಿ ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಎನ್ನುತ್ತಿತ್ತು. ಹಿತ್ತಲಲ್ಲಿ ಇಬ್ಬರು ಮಟ್ಟೆ ಸುಲಿಯುತ್ತಿದ್ದರು. ಜಗಲಿಯ ಮೇಲೆ ಅಕ್ಕನ ಅತ್ತೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಸೆರಗಿನ ಗಂಟಿನಿಂದ ನಾಲ್ಕು ಕವಡೆ ತೆಗೆದಿಟ್ಟುಕೊಂಡು, ಆಡಲು ಯಾರಾದರೂ ಸಿಗುತ್ತಾರೋ ಎಂದು ಕಾಯುತ್ತಿದ್ದರು. ಎಂಟನೇ ತರಗತಿಗೆ ಹೋಗುವ ಮೊಮ್ಮಗಳು ಪಕ್ಕದಲ್ಲೇ ಇದ್ದಳು. ಆದರೆ ಅವಳ ಕಣ್ಣು ನನ್ನ ಲ್ಯಾಪ್‌ಟಾಪಿನ ಮೇಲಿತ್ತು. ಅಜ್ಜಿ ನೆಲದ ಮೇಲೆ ಬರೆದ ಆಟವನ್ನೇ ಅವಳು ಪರದೆಯ ಮೇಲೆ ಕಟ್ಟಲು ಹೊರಟಿದ್ದಳು, ಕೀಲಿಮಣೆಯಲ್ಲಿ ಒಂದು ಸಾಲು ಕೋಡ್ ಕೂಡ ಬರೆಯದೆ.

ಅವಳು ಬಳಸುತ್ತಿದ್ದುದು ಸ್ಕ್ರಾಚ್. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ, 2007ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟ ತಂತ್ರಾಂಶ ಇದು. ಪರದೆಯ ಎಡಭಾಗದಲ್ಲಿ ಬಣ್ಣಬಣ್ಣದ ಬ್ಲಾಕ್‌ಗಳು ಸಾಲಾಗಿರುತ್ತವೆ. ನಡೆಸುವ ಬ್ಲಾಕ್‌ಗೆ ನೀಲಿ, ಸದ್ದಿನದಕ್ಕೆ ಗುಲಾಬಿ, ಲೆಕ್ಕದ್ದಕ್ಕೆ ಹಸಿರು. ಬೇಕಾದ್ದನ್ನು ಎಳೆದು ತಂದು ಒಂದರ ಕೆಳಗೊಂದು ಅಂಟಿಸುತ್ತ ಹೋದರೆ ಅದೇ ಪ್ರೋಗ್ರಾಮ್. ಹಸಿರು ಬಾವುಟ ಒತ್ತಿದರೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಡೆಯುತ್ತವೆ.

ಇದರ ಜಾಣತನ ಇರುವುದು ಬಣ್ಣದಲ್ಲಲ್ಲ, ಆಕಾರದಲ್ಲಿ. ಸಂಖ್ಯೆ ಕೊಡುವ ಬ್ಲಾಕ್‌ಗಳ ಅಂಚು ದುಂಡಗಿರುತ್ತದೆ. ಹೌದು ಅಥವಾ ಅಲ್ಲ ಎಂದು ಉತ್ತರಿಸುವ ಬ್ಲಾಕ್‌ಗಳಿಗೆ ಎರಡು ಕಡೆ ಚೂಪು ಮೂತಿ. ‘ಹೀಗಾದರೆ’ ಎಂದು ಕೇಳುವ ಬ್ಲಾಕ್‌ನ ಕಿಂಡಿಯೂ ಚೂಪು, ಹಾಗಾಗಿ ಅಲ್ಲಿಗೆ ಬರಿಯ ಸಂಖ್ಯೆಯನ್ನು ತುರುಕಲು ಬರುವುದಿಲ್ಲ. ಮತ್ತೆ ಮತ್ತೆ ಮಾಡಿಸುವ ಬ್ಲಾಕ್ ಬಾಯಿ ತೆರೆದುಕೊಂಡಿರುತ್ತದೆ, ಮಾಡಬೇಕಾದ ಕೆಲಸವನ್ನು ಅದರೊಳಗೆ ಇಡಬೇಕು. ಬಡಗಿ ಮಾಡಿದ ಗೂಟ ಅದಕ್ಕೆಂದೇ ಕೊರೆದ ತೂತಿನಲ್ಲಿ ಮಾತ್ರ ಕೂರುವ ಹಾಗೆ. ಅಕ್ಷರದಲ್ಲಿ ಕೋಡ್ ಬರೆಯಲು ಕಲಿಯುವವರ ಮೊದಲ ತಿಂಗಳುಗಳು ಬಿಟ್ಟುಹೋದ ಅರ್ಧವಿರಾಮ, ಮುಚ್ಚದ ಆವರಣ, ತಪ್ಪಾದ ಸ್ಪೆಲಿಂಗ್ ಹುಡುಕುವುದರಲ್ಲೇ ಕಳೆದುಹೋಗುತ್ತವೆ. ಇಲ್ಲಿ ಆ ಕಾಟವೇ ಇಲ್ಲ. ಉಳಿಯುವುದು ಒಂದೇ ಬಗೆಯ ತಪ್ಪು: ಯೋಚನೆಯ ತಪ್ಪು. ಆ ತಪ್ಪನ್ನು ಮಗು ಎಷ್ಟು ಬೇಗ ಎದುರಿಸಿದರೆ ಅಷ್ಟು ಒಳ್ಳೆಯದು.

ನಮ್ಮ ಹುಡುಗಿ ಎದುರಿಸಿದ್ದೂ ಅದನ್ನೇ. ಕವಡೆ ಹಾಕಿಸುವುದು ಹೇಗೆ? ಹಸಿರು ಬ್ಲಾಕ್‌ಗಳಲ್ಲಿ, ಎರಡು ಸಂಖ್ಯೆಗಳ ನಡುವಿನ ಯಾವುದನ್ನಾದರೂ ಮನಸ್ಸಿಗೆ ಬಂದಂತೆ ಆರಿಸಿ ಕೊಡುವುದೊಂದಿದೆ. ಚೌಕಾಬಾರದಲ್ಲಿ ಒಂದರಿಂದ ಎಂಟರವರೆಗೆ ಬೀಳುತ್ತದಲ್ಲ ಎಂದುಕೊಂಡು ಅವಳು ಒಂದು ಮತ್ತು ಎಂಟು ತುಂಬಿದಳು. ಅಜ್ಜಿಯನ್ನು ಕೂರಿಸಿಕೊಂಡು ಆಡಿಸಿದಳು. ಮೂರನೇ ಸಲಕ್ಕೆ ಆರು ಬಿತ್ತು.

‘ಆರು ಎಲ್ಲಿಂದ ಬಂತವ್ವ? ಕವಡೆ ಇರೋದೇ ನಾಕು’ ಎಂದರು ಅಜ್ಜಿ.

ನಿಜ. ನಾಲ್ಕು ಕವಡೆಯಲ್ಲಿ ಹೊಟ್ಟೆ ಮೇಲಾದಷ್ಟು ಎಣಿಕೆ: ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಮೇಲಾದರೆ ಚೌಕ, ಎಲ್ಲ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಐದು, ಆರು, ಏಳು ಬೀಳಲು ದಾರಿಯೇ ಇಲ್ಲ. ಹುಡುಗಿ ತಿದ್ದಿದಳು. ಒಂದು, ಎರಡು, ಮೂರು, ನಾಲ್ಕು, ಎಂಟು ಎಂದು ಪಟ್ಟಿ ಮಾಡಿ ಅದರಲ್ಲಿ ಒಂದನ್ನು ಆರಿಸುವಂತೆ ಜೋಡಿಸಿದಳು. ಅಜ್ಜಿ ಮತ್ತೆ ಆಡಿದರು. ಹತ್ತು ನಿಮಿಷ ಆಡಿ ತಲೆ ಅಲ್ಲಾಡಿಸಿದರು. ‘ಇದು ಕವಡೆ ಅಲ್ಲ ಕಣವ್ವ. ಇಷ್ಟು ಸಲ ಬಾರ ಬೀಳಲ್ಲ. ಬಾರ ಬೀಳೋದು ಅಂದ್ರೆ ಏನು, ಅದಕ್ಕೆ ಕಾಯ್ಕಂಡು ಕೂರ್ಬೇಕು.’

ಅಜ್ಜಿ ಶಾಲೆ ಕಂಡದ್ದು ಮೂರನೇ ಇಯತ್ತೆಯವರೆಗೆ. ಆದರೆ ಸಂಭವನೀಯತೆಯ ಪಾಠ ಅವರ ಬೆರಳ ತುದಿಯಲ್ಲಿತ್ತು. ಐದು ಸಂಖ್ಯೆಗಳಿಗೂ ಸಮಪಾಲು ಕೊಟ್ಟರೆ ಐದಕ್ಕೊಂದು ಸಲ ಬಾರ ಬೀಳುತ್ತದೆ. ನಿಜವಾದ ಆಟದಲ್ಲಿ ಹಾಗಾಗುವುದಿಲ್ಲ. ನಾವು ಕಾಗದ ಹಿಡಿದು ಕೂತೆವು. ಒಂದೊಂದು ಕವಡೆ ಎರಡು ರೀತಿ ಬೀಳಬಹುದು, ನಾಲ್ಕು ಕವಡೆ ಸೇರಿದರೆ ಹದಿನಾರು ರೀತಿ. ಆ ಹದಿನಾರರಲ್ಲಿ ಬಾರಕ್ಕೆ ಒಂದು, ಚೌಕಕ್ಕೆ ಒಂದು, ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು, ಎರಡಕ್ಕೆ ಆರು. ಇಷ್ಟು ಗೊತ್ತಾದ ಮೇಲೆ ಅವಳು ಪಟ್ಟಿಯನ್ನು ಕಿತ್ತುಹಾಕಿದಳು. ಸೊನ್ನೆ ಅಥವಾ ಒಂದನ್ನು ಆರಿಸುವ ಬ್ಲಾಕನ್ನು ನಾಲ್ಕು ಸಲ ನಡೆಸಿ ಕೂಡಿಸಿದಳು. ಮೊತ್ತ ಸೊನ್ನೆಯಾದರೆ ಎಂಟು ಎಂದು ತಿದ್ದುವ ‘ಹೀಗಾದರೆ’ ಬ್ಲಾಕ್ ಸೇರಿಸಿದಳು. ಈಗ ಅಜ್ಜಿಗೆ ಬಾರ ಅಪರೂಪವಾಯಿತು, ಆಟಕ್ಕೆ ರುಚಿ ಬಂತು. (ಕವಡೆಯ ಬೆನ್ನು-ಹೊಟ್ಟೆ ಒಂದೇ ಆಕಾರದವಲ್ಲ, ಆದ್ದರಿಂದ ಎರಡೂ ಬದಿ ಸರಿಸಮ ಬೀಳುತ್ತವೆ ಎಂದು ಹೇಳಲಾಗದು. ಆ ಲೆಕ್ಕ ಬೇಕೆಂದರೆ ನಿಜವಾದ ಕವಡೆಯನ್ನೇ ನೂರಾರು ಸಲ ಹಾಕಿ ಬರೆದಿಟ್ಟುಕೊಳ್ಳಬೇಕು. ಆ ಕೆಲಸವನ್ನು ಅವಳಿಗೇ ಬಿಟ್ಟು ಬಂದಿದ್ದೇನೆ.)

ಆಮೇಲೆ ಕಾಯಿ ನಡೆಸುವ ಸರದಿ. ನಮ್ಮ ಸೀಮೆಯಲ್ಲಿ ಮರದಲ್ಲಿರುವುದೂ ಕಾಯಿ, ಮಣೆಯ ಮೇಲಿರುವುದೂ ಕಾಯಿ, ನಡುಮನೆ ಸೇರಿದರೆ ಹಣ್ಣು. ಸ್ಕ್ರಾಚ್‌ನ ರಂಗ 480 ಅಗಲ, 360 ಎತ್ತರ, ಸೊನ್ನೆ ಇರುವುದು ನಟ್ಟನಡುವೆ. ಒಂದೊಂದು ಮನೆಗೆ 60 ಎಂದು ಲೆಕ್ಕ ಹಾಕಿದರೆ ಐದು ಮನೆಗೆ 300, ಸರಿಯಾಗಿ ಕೂರುತ್ತದೆ. ಬಲಕ್ಕೆ ಹೋಗಲು 60, ಎಡಕ್ಕೆ ಹೋಗಲು ಋಣ 60. ಋಣಸಂಖ್ಯೆ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ವಸ್ತು ಎಂದುಕೊಂಡಿದ್ದ ಹುಡುಗಿ, ಅದು ಎಡಗಡೆಗೆ ನಡೆಯುವ ಹೆಜ್ಜೆ ಎಂದು ಆವತ್ತು ಕಂಡುಕೊಂಡಳು. ಹೊರಸುತ್ತಿನಲ್ಲಿ ಹದಿನಾರು ಮನೆ, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ಒಳಸುತ್ತಿಗೆ ಹೊಕ್ಕ ಮೇಲೆ ದಿಕ್ಕು ತಿರುಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ. ಅಜ್ಜಿ ಹೇಳುತ್ತ ಹೋದ ಒಂದೊಂದು ಕಟ್ಟಳೆಯೂ ‘ಹೀಗಾದರೆ ಹೀಗೆ’ ಎಂಬ ಒಂದೊಂದು ಬ್ಲಾಕ್ ಆಗುತ್ತ ಹೋಯಿತು. ಆ ಮಧ್ಯಾಹ್ನ ಪ್ರೋಗ್ರಾಮ್ ಹೇಳಿಕೊಟ್ಟವರು ಅಜ್ಜಿ, ಕಟ್ಟಿದವಳು ಮೊಮ್ಮಗಳು.

ಕೋಡ್ ಇಲ್ಲದೆ ಆಟ ಮಾಡಬಹುದು ಎಂಬ ಮಾತಿಗೆ ನನ್ನ ತಕರಾರು ಇರುವುದು ಇಲ್ಲೇ. ಕೋಡ್ ಇಲ್ಲದೆ ಅಲ್ಲ, ಕೋಡಿನ ಕಾಗುಣಿತ ಇಲ್ಲದೆ. ಯೋಚನೆಯ ಭಾರ ಒಂದು ತೂಕವೂ ಕಡಿಮೆಯಾಗುವುದಿಲ್ಲ. ‘ಎಂಟು ವರ್ಷದ ಮಗು ಆಟವಾಡುತ್ತ ಆಪ್ ಮಾಡುತ್ತದೆ’ ಎಂದು ಹೇಳಿ ಸಾವಿರಾರು ರೂಪಾಯಿಗೆ ತರಗತಿ ಮಾರುವವರ ಮಾತನ್ನು ತಾಯಿತಂದೆಯರು ನಂಬಬಾರದು. ಬ್ಲಾಕ್ ಎಳೆಯುವುದು ಅರ್ಧ ಗಂಟೆಯ ಕಲಿಕೆ. ಆರು ಯಾಕೆ ಬೀಳಬಾರದು ಎಂದು ಯೋಚಿಸುವುದೇ ನಿಜವಾದ ಕಲಿಕೆ, ಅದಕ್ಕೆ ಹೊತ್ತು ಬೇಕು, ಪಕ್ಕದಲ್ಲಿ ಆಟ ಬಲ್ಲವರೊಬ್ಬರು ಕೂತಿರಬೇಕು.

ಮಕ್ಕಳಿಗೆ ಹೀಗೆ ಆಟದಲ್ಲೇ ಪ್ರೋಗ್ರಾಮ್ ಕಲಿಸುವ ವಿಚಾರ ಹೊಸದೂ ಅಲ್ಲ. 1967ರಲ್ಲಿ ವಾಲಿ ಫೋರ್ಜಿಗ್, ಸೇಮರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಮಕ್ಕಳಿಗಾಗಿಯೇ ಲೋಗೊ ಎಂಬ ಭಾಷೆ ಮಾಡಿದರು. ಅದರಲ್ಲಿ ಒಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಜ್ಞೆ ಕೊಟ್ಟರೆ ಆಮೆ ನಡೆದ ದಾರಿಯಲ್ಲಿ ಗೆರೆ ಮೂಡುತ್ತದೆ. ಅಷ್ಟಷ್ಟೇ ದೂರ ನಡೆಸಿ ತೊಂಬತ್ತು ಡಿಗ್ರಿಯಂತೆ ನಾಲ್ಕು ಸಲ ತಿರುಗಿಸಿದರೆ ಚೌಕ. ಸ್ಕ್ರಾಚ್ ತೆರೆದಾಗ ರಂಗದ ಮೇಲೆ ಕಾಣುವ ಬೆಕ್ಕು ಆ ಆಮೆಯ ಮನೆತನದ್ದೇ, ರೆಸ್ನಿಕ್ ಅವರು ಪ್ಯಾಪರ್ಟ್ ಅವರ ದಾರಿಯಲ್ಲಿ ನಡೆದವರು.

ಆ ಆಮೆಗೆ ಕನ್ನಡ ಕಲಿಸಿದವರು ನಮ್ಮಲ್ಲಿದ್ದಾರೆ ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ, 1996ರಲ್ಲಿ ‘ವಿಶ್ವಕನ್ನಡ’ ಎಂಬ ಕನ್ನಡದ ಮೊದಲ ಜಾಲತಾಣವನ್ನು ತೆರೆದ ಡಾ. ಯು.ಬಿ. ಪವನಜ ಅವರು ಕನ್ನಡ ಲೋಗೊ ಸಿದ್ಧಪಡಿಸಿದರು. ಕನ್ನಡದಲ್ಲೇ ಆಜ್ಞೆ, ಕನ್ನಡಕ್ಕೇ ಓಗೊಡುವ ಆಮೆ. ಅದಕ್ಕೆ ಮಂಥನ್ ಪ್ರಶಸ್ತಿಯೂ ಸಂದಿತು. ಹಳ್ಳಿಯ ಮಗು ಕಂಪ್ಯೂಟರ್ ಕಲಿಯುವ ಮೊದಲು ಇಂಗ್ಲಿಷ್ ಕಲಿಯಬೇಕಾಗಿಲ್ಲ ಎಂದು ಮಾಡಿ ತೋರಿಸಿದ ಕೆಲಸ ಅದು. ಒಬ್ಬರು ತೆರೆದ ಆ ದಾರಿಯಲ್ಲಿ ನಾಡು ನಾಡಾಗಿ ನಡೆಯಲಿಲ್ಲ ಎಂಬುದು ನನ್ನ ನೋವು.

ಯಾಕೆಂದರೆ ಬ್ಲಾಕ್‌ಗಳು ಬಂದ ಮೇಲೆ ಕನ್ನಡಕ್ಕೆ ಇನ್ನೂ ದೊಡ್ಡದೊಂದು ಅನುಕೂಲ ಒದಗಿದೆ. ಅಕ್ಷರದ ಕೋಡಿನಲ್ಲಿ ಪದವನ್ನು ಕನ್ನಡಕ್ಕೆ ಬದಲಿಸಿದರೂ ವಾಕ್ಯದ ನಡಿಗೆ ಇಂಗ್ಲಿಷಿನದೇ ಆಗಿ ಉಳಿಯುತ್ತದೆ: ಕ್ರಿಯಾಪದ ಮೊದಲು, ಸಂಖ್ಯೆ ಆಮೇಲೆ. ಬ್ಲಾಕ್‌ನಲ್ಲಿ ಕಿಂಡಿಯನ್ನು ಎಲ್ಲಿ ಬೇಕಾದರೂ ಇಡಬಹುದು. ‘ನಡೆ 10 ಹೆಜ್ಜೆ’ ಎಂದು ತಿಣುಕಬೇಕಿಲ್ಲ, ‘10 ಹೆಜ್ಜೆ ನಡೆ’ ಎಂದೇ ಇರಬಹುದು. ಷರತ್ತಿನ ಕಿಂಡಿಯನ್ನು ಮುಂದಿಟ್ಟು ಅದರ ಹಿಂದೆ ‘ಆದರೆ’ ಎಂದು ಬರೆದರೆ ಮುಗಿಯಿತು. ಜಪಾನಿ ಭಾಷೆಯಲ್ಲೂ ನಮ್ಮ ಹಾಗೆ ಕ್ರಿಯಾಪದ ಕೊನೆಗೇ ಬರುವುದು. ಸ್ಕ್ರಾಚ್‌ನ ಜಪಾನಿ ಬ್ಲಾಕ್‌ಗಳು ಹೀಗೆಯೇ ಇವೆ. ಸಾಲದು ಎಂದು ಅವರು, ಇನ್ನೂ ಕಾಂಜಿ ಲಿಪಿ ಕಲಿಯದ ಎಳೆಯರಿಗಾಗಿ ಬರೀ ಹಿರಾಗಾನ ಅಕ್ಷರಗಳಲ್ಲಿ ಇನ್ನೊಂದು ಆವೃತ್ತಿಯನ್ನೂ ಇಟ್ಟಿದ್ದಾರೆ. ನಮ್ಮ ಸ್ಥಿತಿ ಹೇಗಿತ್ತು? ಸ್ಕ್ರಾಚ್‌ನ ಹಳೆಯ ಜಾಲತಾಣದ ಭಾಷೆಗಳ ಪಟ್ಟಿಯಲ್ಲಿ ಒಂದೊಂದು ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿತ್ತು. ‘ಕನ್ನಡ’ ಎಂದು ಇರಬೇಕಾದ ಕಡೆ ‘ಭಾಷೆ-ಹೆಸರು’ ಎಂದು ಇತ್ತು. ಭಾಷೆಯ ಹೆಸರನ್ನು ಇಲ್ಲಿ ಬರೆಯಿರಿ ಎಂಬ ಸೂಚನೆಯನ್ನೇ ಯಾರೋ ಅನುವಾದಿಸಿದ್ದರು. ವರ್ಷಗಟ್ಟಲೆ ಅದು ಹಾಗೆಯೇ ಇತ್ತು. ತಪ್ಪು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರಾದರೂ ಕೈಹಾಕಿದರು. ತಿದ್ದಲು ಇನ್ನೊಬ್ಬರು ಬರಲಿಲ್ಲವಲ್ಲ ಎಂಬುದು ಕೊರಗು.

ಪದಗಳಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಸ್ಕ್ರಾಚ್ ತನ್ನ ಪರಿಭಾಷೆಯ ಹಲವು ಪದಗಳನ್ನು ತೆಗೆದುಕೊಂಡಿರುವುದು ನಾಟಕದಿಂದ. ಸ್ಟೇಜ್ ಎಂದರೆ ರಂಗ. ಅಲ್ಲಿ ಓಡಾಡುವ ಸ್ಪ್ರೈಟ್ ಎಂದರೆ ಪಾತ್ರ. ಪಾತ್ರ ರೂಪ ಬದಲಿಸುವ ಕಾಸ್ಟ್ಯೂಮ್ ಎಂದರೆ ವೇಷ. ಒಂದು ಪಾತ್ರ ಉಳಿದೆಲ್ಲ ಪಾತ್ರಗಳಿಗೂ ಒಮ್ಮೆಗೇ ಸುದ್ದಿ ಮುಟ್ಟಿಸುವ ಬ್ಲಾಕ್ ಒಂದಿದೆ, ಅದಕ್ಕೆ ‘ಡಂಗುರ ಸಾರು’ ಎನ್ನುವುದಕ್ಕಿಂತ ಒಪ್ಪುವ ಮಾತು ಯಾವುದಿದೆ? ಮೂಡಲಪಾಯದ ಆಟ ನೋಡುತ್ತ ಬೆಳೆದ ತುಮಕೂರು ಸೀಮೆಯ ಮಕ್ಕಳಿಗೆ ಈ ಪದಗಳನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪದ ಕಟ್ಟುವುದೂ ಈ ಸೀಮೆಗೆ ಹೊಸದಲ್ಲ: ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದ ತೀರ್ಥಪುರ ಇರುವುದು ಇಲ್ಲಿನ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ. ‘ರಾಷ್ಟ್ರಪತಿ’ ಎಂಬ ಪದವನ್ನು ಸೂಚಿಸಿದವರು ಅವರೇ ಎಂದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ದೇಶದ ಮೊದಲ ಪ್ರಜೆಗೆ ಹೆಸರು ಕೊಟ್ಟ ನೆಲಕ್ಕೆ ನೂರಿನ್ನೂರು ಬ್ಲಾಕ್‌ಗಳಿಗೆ ಹೆಸರಿಡುವುದು ಹೊರೆಯಾಗಬಾರದು.

ಪೂರ್ತಿ ಅನುವಾದಕ್ಕೆ ಕಾಯಲೂಬೇಕಿಲ್ಲ. ಸ್ಕ್ರಾಚ್‌ನಲ್ಲಿ ‘ನನ್ನ ಬ್ಲಾಕ್’ ಮಾಡಿಕೊಳ್ಳುವ ಅವಕಾಶವಿದೆ, ಅದಕ್ಕೆ ಯಾವ ಲಿಪಿಯಲ್ಲಿ ಬೇಕಾದರೂ ಹೆಸರಿಡಬಹುದು. ನಾವು ಆ ದಿನ ಬಳಸಿದ್ದು ಇಂಗ್ಲಿಷ್ ಬ್ಲಾಕ್‌ಗಳನ್ನೇ. ಆದರೆ ಸೊನ್ನೆ-ಒಂದುಗಳನ್ನು ನಾಲ್ಕು ಸಲ ಕೂಡಿಸುವ ಆ ಗೊಂಚಲಿಗೆ ಹುಡುಗಿ ‘ಕವಡೆ ಹಾಕು’ ಎಂದು ಹೆಸರು ಕೊಟ್ಟಳು. ಆಮೇಲೆ ‘ಕಾಯಿ ನಡೆಸು’, ‘ಕಾಯಿ ಹೊಡಿ’, ‘ಹಣ್ಣಾಯ್ತಾ?’ ಎಂಬವು ಬಂದವು. ಸಂಜೆಗೆ ನೋಡಿದರೆ ಆಟದ ಮುಖ್ಯ ಪ್ರೋಗ್ರಾಮ್ ಬಹುಮಟ್ಟಿಗೆ ಕನ್ನಡದಲ್ಲಿ ಓದಿಸಿಕೊಳ್ಳುತ್ತಿತ್ತು. ಅಜ್ಜಿ ಕನ್ನಡಕ ಏರಿಸಿ ಪರದೆಯ ಮೇಲೆ ‘ಕವಡೆ ಹಾಕು’ ಎಂಬುದನ್ನು ಅಕ್ಷರ ಕೂಡಿಸಿ ಓದಿದರು. ಅವರ ಮುಖವನ್ನು ನಾನು ಮರೆಯಲಾರೆ.

ಬ್ಲಾಕ್‌ಗಳ ಹಾದಿ ಎಲ್ಲಿಯವರೆಗೆ ಹೋಗುತ್ತದೆ? ಬಹಳ ದೂರ, ಆದರೆ ಕೊನೆಯವರೆಗಲ್ಲ. ದೊಡ್ಡ ಆಟಗಳನ್ನು ಕಟ್ಟುವ ಅನ್‌ರಿಯಲ್ ಎಂಜಿನ್‌ನಲ್ಲಿ 2014ರಿಂದ ಬ್ಲೂಪ್ರಿಂಟ್ ಎಂಬ ವ್ಯವಸ್ಥೆ ಇದೆ. ಅಲ್ಲಿ ಬ್ಲಾಕ್ ಅಂಟಿಸುವ ಬದಲು ಪೆಟ್ಟಿಗೆಗಳ ನಡುವೆ ತಂತಿ ಎಳೆಯುತ್ತಾರೆ, ತೋಟದ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯೊಳಗಿನ ವೈರಿಂಗ್ ಹಾಗೆ. ಕನ್‌ಸ್ಟ್ರಕ್ಟ್, ಜಿಡೆವಲಪ್ ಎಂಬವುಗಳದು ಮತ್ತೊಂದು ರೀತಿ: ಎಡ ಅಂಕಣದಲ್ಲಿ ‘ಏನಾದರೆ’, ಬಲ ಅಂಕಣದಲ್ಲಿ ‘ಏನು ಮಾಡಬೇಕು’. ಮಂಡಿಯ ಲೆಕ್ಕದ ಪುಸ್ತಕ ನೋಡಿ ಗೊತ್ತಿರುವ ತಿಪಟೂರಿನವರಿಗೆ ಈ ಎರಡು ಅಂಕಣ ಸುಲಭವಾಗಿ ಹಿಡಿಸುತ್ತದೆ. 2017ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರು ಮಾಡಿದ ‘ಹಾಲೋ ನೈಟ್’ ಎಂಬ ಆಟವನ್ನು ಆಸ್ಟ್ರೇಲಿಯದ ಅಡಿಲೇಡ್‌ನ ಪುಟ್ಟ ತಂಡವೊಂದು ಕಟ್ಟಿದ್ದು ಪ್ಲೇಮೇಕರ್ ಎಂಬ ಇಂಥದೇ ಚಿತ್ರರೂಪದ ಸಾಧನವನ್ನು ನೆಚ್ಚಿಕೊಂಡು. ಹಾಗೆಂದು ಎಲ್ಲವೂ ಇದರಲ್ಲೇ ಆಗುವುದಿಲ್ಲ. ಆಟ ದೊಡ್ಡದಾದಂತೆ ತಂತಿಗಳು ಬಿಡಿಸದ ನಾರಿನ ಉಂಡೆಯ ಹಾಗೆ ಸಿಕ್ಕಾಗುತ್ತವೆ. ಅಕ್ಷರದಲ್ಲಿ ನಾಲ್ಕು ಸಾಲಿಗೆ ಮುಗಿಯುವ ಲೆಕ್ಕಕ್ಕೆ ಪರದೆ ತುಂಬ ಬ್ಲಾಕ್ ಬೇಕಾಗುತ್ತದೆ. ಆ ಹಂತ ಬಂದಾಗ ಮಕ್ಕಳು ಅಕ್ಷರದ ಕೋಡಿಗೆ ದಾಟಲೇಬೇಕು. ಸಾಲು ಹೇಗೆ, ಸುತ್ತು ಹೇಗೆ, ಷರತ್ತು ಹೇಗೆ ಎಂದು ಮೊದಲೇ ಕೈಯಲ್ಲಿ ಹಿಡಿದು ನೋಡಿದವರಿಗೆ ಆ ದಾಟುವಿಕೆ ಕಷ್ಟವಲ್ಲ.

ನನಗೆ ಇನ್ನೊಂದು ಆಸೆಯಿದೆ. ನಮ್ಮ ತೋಟಗಳ ಶತ್ರು ಕಪ್ಪು ತಲೆ ಹುಳು. ಗರಿಯ ಅಡಿಯಲ್ಲಿ ಬಲೆ ಹೆಣೆದುಕೊಂಡು ಹಸಿರು ಕೆರೆದು ತಿನ್ನುತ್ತದೆ, ದೂರದಿಂದ ನೋಡಿದರೆ ತೋಟ ಬೆಂಕಿ ತಾಗಿದಂತೆ ಕಾಣುತ್ತದೆ. ಅದನ್ನು ಹತೋಟಿಗೆ ತರಲು ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ತೋಟಕ್ಕೆ ಬಿಡುತ್ತಾರೆ. ಇದನ್ನು ಒಂದು ಆಟವಾಗಿ ಕಟ್ಟಬಹುದು: ಹುಳು ಎಷ್ಟು ಬೇಗ ಹೆಚ್ಚುತ್ತದೆ, ಕಣಜವನ್ನು ಯಾವಾಗ ಬಿಡಬೇಕು, ಪಕ್ಕದ ತೋಟದವರು ಬಿಡದಿದ್ದರೆ ಏನಾಗುತ್ತದೆ. ಸ್ಕ್ರಾಚ್‌ನಲ್ಲಿ ಒಂದು ಪಾತ್ರದಿಂದ ತದ್ರೂಪಿಗಳನ್ನು ಹುಟ್ಟಿಸಬಹುದು, ಆದರೆ ಒಟ್ಟು 300 ದಾಟುವಂತಿಲ್ಲ. ಒಂದು ಹುಳು ಎರಡಾಗಿ, ಎರಡು ನಾಲ್ಕಾಗಿ, ಒಂಬತ್ತನೇ ಸುತ್ತಿಗೆ ಬರುವಷ್ಟರಲ್ಲಿ ಆ ಮಿತಿಯೇ ಮುಗಿದುಹೋಗುತ್ತದೆ. ತೋಟದಲ್ಲಿ ಅಂಥ ಮಿತಿ ಹಾಕುವವರು ಯಾರೂ ಇಲ್ಲ. ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಈ ಹುಳುವಿನ ಬಗ್ಗೆ ಹೇಳುವ ಮಾತನ್ನು ಮಗು ತಾನೇ ಕಟ್ಟಿದ ಆಟದಲ್ಲಿ ಕಂಡರೆ, ಮನೆಗೆ ಬಂದು ಅಪ್ಪನಿಗೆ ಹೇಳುತ್ತದೆ. ಅಪ್ಪ ಕೇಳುತ್ತಾನೆ.

ನಮ್ಮ ಊರುಗಳಲ್ಲಿ ‘ಗೇಮ್’ ಎಂದರೆ ಮನೆಯವರಿಗೆ ಭಯ. ಆ ಭಯಕ್ಕೆ ಕಾರಣವಿದೆ. ಮೊಬೈಲಿನ ರಮ್ಮಿಯಲ್ಲಿ ಕೊಬ್ಬರಿ ದುಡ್ಡು ಕಳೆದುಕೊಂಡವರ ಕಥೆಗಳು ನಮ್ಮ ಅರಳಿಕಟ್ಟೆಗಳಲ್ಲಿವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಒಳ್ಳೆಯದೇ ಆಯಿತು. ಆದರೆ ಆಟ ಆಡುವುದು ಬೇರೆ, ಆಟ ಕಟ್ಟುವುದು ಬೇರೆ. ಆಟ ಹೇಗೆ ಕಟ್ಟುತ್ತಾರೆ ಎಂದು ತಿಳಿದ ಹುಡುಗನಿಗೆ, ಗೆಲ್ಲುವ ಸಾಧ್ಯತೆಯನ್ನು ಇನ್ಯಾರೋ ಒಂದು ಬ್ಲಾಕ್‌ನಲ್ಲಿ ಬರೆದಿಟ್ಟಿರುತ್ತಾರೆ ಎಂಬುದೂ ತಿಳಿದಿರುತ್ತದೆ. ಆ ತಿಳಿವಳಿಕೆಗಿಂತ ದೊಡ್ಡ ಕಾವಲು ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಲ್ಲೇ ಕೋಡಿಂಗ್ ಚಟುವಟಿಕೆ ಬರಲಿ ಎಂದಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ 2012ರಲ್ಲೇ, ದೇಶದಲ್ಲಿ ಮೊದಲಿಗೆ, ನೀತಿ ತಂದ ರಾಜ್ಯ ನಮ್ಮದು. ಈಗ 2024ರಿಂದ 2029ರವರೆಗಿನ ಹೊಸ ನೀತಿಯೂ ಇದೆ. ಅದರ ಫಲ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೇ ನಿಂತುಬಿಡಬಾರದು. ನಾನು ಕಂಡ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿತ್ತು, ಮಕ್ಕಳು ಮುಟ್ಟಿದರೆ ಕೆಡುತ್ತವೆ ಎಂಬ ಅಂಜಿಕೆಯಿಂದ. ಆ ಶಿಕ್ಷಕರನ್ನು ದೂರಲಾರೆ, ಕೆಟ್ಟರೆ ರಿಪೇರಿಗೆ ಅವರೇ ಓಡಾಡಬೇಕು. ಆದರೂ ಕೇಳಿಕೊಳ್ಳುತ್ತೇನೆ, ಬೀಗ ತೆಗೆಯಿರಿ. ಮುಟ್ಟದೆ ಇಟ್ಟ ಯಂತ್ರವೂ ನಾಲ್ಕು ವರ್ಷಕ್ಕೆ ಹಳತಾಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ, ಊರಿಗೆ ಬಂದುಹೋಗುವ ಇಂಜಿನಿಯರ್ ಹುಡುಗ ಹುಡುಗಿಯರಲ್ಲಿ ನನ್ನ ಮನವಿ ಇಷ್ಟೆ. ಸ್ಕ್ರಾಚ್‌ಗೆ ದುಡ್ಡು ಕೊಡಬೇಕಿಲ್ಲ. ಇಂಟರ್‌ನೆಟ್ ಇಲ್ಲದೆ ನಡೆಯುವ ಆವೃತ್ತಿಯನ್ನು ಒಂದು ಪೆನ್‌ಡ್ರೈವ್‌ನಲ್ಲಿ ಶಾಲೆಗೆ ಒಯ್ಯಬಹುದು. ಕಂಪ್ಯೂಟರೇ ಇಲ್ಲದ ಕಡೆ ಆಂಡ್ರಾಯ್ಡ್ ಫೋನಿನಲ್ಲೇ ಆಟ ಕಟ್ಟಲು ಆಸ್ಟ್ರಿಯದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಪಾಕೆಟ್ ಕೋಡ್ ಇದೆ, ಅದೂ ಉಚಿತ. ಇಂಥ ಹಲವು ಸಾಧನಗಳಿಗೆ ಬುನಾದಿಯಾಗಿರುವ ಬ್ಲಾಕ್ಲಿ ಎಂಬ ತಂತ್ರಾಂಶದ ಪದಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಟ್ರಾನ್ಸ್‌ಲೇಟ್‌ವಿಕಿ ಜಾಲತಾಣದಲ್ಲಿ ಯಾರು ಬೇಕಾದರೂ ಕೈಜೋಡಿಸಬಹುದು. ಒಂದು ಶನಿವಾರ ಮಧ್ಯಾಹ್ನ ಹತ್ತು ಮಕ್ಕಳನ್ನು ಕೂರಿಸಿ. ಚೌಕಾಬಾರವೋ, ಹುಲಿ-ಕುರಿ ಆಟವೋ, ಅಳಗುಳಿಮಣೆಯೋ, ನಿಮ್ಮೂರಿನ ಆಟ ಒಂದನ್ನು ಆರಿಸಿಕೊಳ್ಳಿ. ಮೊದಲ ಬ್ಲಾಕ್‌ಗೆ ಕನ್ನಡದಲ್ಲಿ ಹೆಸರಿಡಿಸಿ. ಮತ್ತು ಆ ಆಟದ ಕಟ್ಟಳೆ ಬಲ್ಲ ಅಜ್ಜಿಯೊಬ್ಬರನ್ನು ತಪ್ಪದೆ ಕರೆಯಿರಿ.